ಪರದೇಶಕ್ಕೆ ಹೊರಟ ಮಗುವಿನ ಕೈಗೆ ಯಾವ ಫೋನ್?



ಮಗನೋ ಮಗಳೋ ಓದಲು ಪರದೇಶಕ್ಕೆ ಹೊರಟರೆ ಮನೆಯಲ್ಲಿ ಒಂದು ತಿಂಗಳು ಮೊದಲೇ ಗಡಿಬಿಡಿ ಶುರುವಾಗುತ್ತದೆ. ಉಪ್ಪಿನಕಾಯಿ, ಖಾರದ ಪುಡಿ, ಸ್ವೆಟರ್, ಜಾನಮಾಜ್ ಎಲ್ಲವೂ ಪೆಟ್ಟಿಗೆ ಸೇರುತ್ತವೆ. ತೂಕ ಹೆಚ್ಚಾಯಿತೆಂದು ಒಂದನ್ನು ತೆಗೆದು ಇನ್ನೊಂದನ್ನು ತುರುಕುತ್ತೇವೆ. ಎಲ್ಲ ಮುಗಿಯಿತು ಎನ್ನುವಾಗ ಕೊನೆಯ ವಾರ ಮಗು ಮೆಲ್ಲನೆ ಹೇಳುತ್ತದೆ, "ಅಮ್ಮಿ, ಒಂದು ಒಳ್ಳೆಯ ಫೋನ್ ಬೇಕು."

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಮಕ್ಕಳು ಒಂದು ಕಾಲಕ್ಕೆ ತುಮಕೂರಿನ ಕಾಲೇಜಿಗೆ ಸೇರಿದರೆ ಅದೇ ದೂರದ ಓದಾಗಿತ್ತು. ಈಗ ನಮ್ಮ ಮನೆಗಳಲ್ಲಿ ಢಾಕಾ, ಬಿಷ್ಕೆಕ್, ತಿಬಿಲಿಸಿ, ಮದೀನಾ, ಜರ್ಮನಿ ಎಂಬ ಹೆಸರುಗಳು ಕೇಳಿಬರುತ್ತವೆ. ಸಂತೋಷದ ಸಂಗತಿ. ಆದರೆ ಈ ಓದಿನ ಹಿಂದೆ ಅಡವಿಟ್ಟ ಒಡವೆ ಇರುತ್ತದೆ, ಮಾರಿದ ಜಮೀನು ಇರುತ್ತದೆ, ಸಾಲವಿರುತ್ತದೆ. ಕೇಂದ್ರ ಸರಕಾರದ 'ಪಢೋ ಪರದೇಶ್' ಬಡ್ಡಿ ಸಹಾಯಧನವೂ 2022-23ರಿಂದ ನಿಂತುಹೋಗಿದೆ. ಹೀಗಿರುವಾಗ ಐವತ್ತು, ಅರವತ್ತು ಸಾವಿರದ ಫೋನ್ ಕೊಡಿಸಬೇಕೇ? ಕೊಡಿಸದಿದ್ದರೆ ಮಗು ಸಹಪಾಠಿಗಳ ಮುಂದೆ ಚಿಕ್ಕದಾಗುತ್ತದೆಯೇ? ಅನೇಕ ತಾಯಂದಿರನ್ನು ಕಾಡುವ ಪ್ರಶ್ನೆ ಇದು. ಫೋನಿನ ಬೆಲೆಗಿಂತ ಮುಖ್ಯವಾದ ಇನ್ನೊಂದು ಪ್ರಶ್ನೆ ಇದೆ. ಕಷ್ಟ ಬಂದ ದಿನ ಆ ಫೋನಿನಿಂದ ಮಗುವಿನ ಧ್ವನಿ ನಿಮ್ಮ ಮನೆಗೆ ತಲುಪುತ್ತದೆಯೇ?

2024ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಬಾಂಗ್ಲಾದೇಶದಲ್ಲಿ ಮೀಸಲಾತಿಯ ವಿರುದ್ಧ ವಿದ್ಯಾರ್ಥಿಗಳ ಚಳವಳಿ ಭುಗಿಲೆದ್ದಿತ್ತು. 18ರ ರಾತ್ರಿ ಅಲ್ಲಿನ ಸರಕಾರ ಇಡೀ ದೇಶದ ಇಂಟರ್ನೆಟ್ ನಿಲ್ಲಿಸಿಬಿಟ್ಟಿತು. ಮನೆ, ಕಚೇರಿಗಳ ಇಂಟರ್ನೆಟ್ ಸ್ವಲ್ಪಮಟ್ಟಿಗೆ ಮರಳಿದ್ದು 23ರಂದು. ಮೊಬೈಲ್ ಇಂಟರ್ನೆಟ್ ಬಂದದ್ದು 28ರಂದು. ಆಗ ಅಲ್ಲಿ ಸುಮಾರು 15 ಸಾವಿರ ಭಾರತೀಯರಿದ್ದರು, ಅವರಲ್ಲಿ ಸುಮಾರು 8,500 ಮಂದಿ ವಿದ್ಯಾರ್ಥಿಗಳು ಎಂದು ನಮ್ಮ ವಿದೇಶಾಂಗ ಸಚಿವಾಲಯ ತಿಳಿಸಿತ್ತು. ಅವರಲ್ಲಿ ಬಹಳಷ್ಟು ಮಂದಿ ವೈದ್ಯಕೀಯ ಓದುತ್ತಿದ್ದವರು. ಟಿ.ವಿ.ಯಲ್ಲಿ ಬೆಂಕಿ, ಗುಂಡು, ಕರ್ಫ್ಯೂ. ಕೈಯಲ್ಲಿರುವ ಫೋನಿನಲ್ಲಿ ವಾಟ್ಸಾಪ್ ಸಂದೇಶಕ್ಕೆ ಒಂದೇ ಗೆರೆ, ಎರಡನೆಯದು ಬೀಳುತ್ತಿಲ್ಲ. ಆ ದಿನಗಳಲ್ಲಿ ತಾಯಂದಿರು ಅನುಭವಿಸಿದ ಸಂಕಟವನ್ನು ಊಹಿಸಿಕೊಳ್ಳಿ. ಅಂಥ ಹೊತ್ತಿನಲ್ಲಿ ಅರವತ್ತು ಸಾವಿರದ ಫೋನೂ ಆರು ಸಾವಿರದ ಫೋನೂ ಒಂದೇ. ಅಲ್ಲಿನ ಸಿಮ್‌ನಲ್ಲಿ ಹಣವಿಟ್ಟುಕೊಂಡು, ಮನೆಯ ನಂಬರನ್ನು ನೇರವಾಗಿ ಒತ್ತಿ ಮಾತಾಡಲು ಯತ್ನಿಸಬಲ್ಲವರಿಗೆ ಒಂದು ದಾರಿಯಾದರೂ ಇತ್ತು. ವಾಟ್ಸಾಪ್ ಒಂದನ್ನೇ ನಂಬಿದ್ದವರಿಗೆ ಅದೂ ಇರಲಿಲ್ಲ.

ನಾವು ವಾಟ್ಸಾಪನ್ನೇ ಫೋನ್ ಎಂದುಕೊಂಡಿದ್ದೇವೆ. ಅದು ಎಲ್ಲ ಕಡೆ ನಡೆಯುವುದಿಲ್ಲ ಎನ್ನುವುದನ್ನು ಹೊರಡುವ ಮೊದಲೇ ತಿಳಿದಿರಬೇಕು. ಯು.ಎ.ಇ.ಯಲ್ಲಿ ವಾಟ್ಸಾಪ್ ಸಂದೇಶ ಬರುತ್ತದೆ, ಕರೆ ಬರುವುದಿಲ್ಲ. ಚೀನಾದಲ್ಲಿ 2017ರಿಂದ ವಾಟ್ಸಾಪ್ಪೇ ಇಲ್ಲ. ಅಲ್ಲಿನವರು ಬಳಸುವ ವೀಚಾಟನ್ನು ನಮ್ಮ ಸರಕಾರ 2020ರ ಜೂನ್‌ನಲ್ಲಿ ನಿಷೇಧಿಸಿದೆ. ರಷ್ಯಾದಲ್ಲಿ 2025ರ ಆಗಸ್ಟ್‌ನಲ್ಲಿ ವಾಟ್ಸಾಪ್ ಕರೆಗಳ ಮೇಲೆ ನಿರ್ಬಂಧ ಬಂತು. ಆದ್ದರಿಂದ ಮಗು ಯಾವ ದೇಶಕ್ಕೆ ಹೋಗುತ್ತದೋ ಆ ದೇಶದಲ್ಲಿ ಈಗಾಗಲೇ ಓದುತ್ತಿರುವವರನ್ನು ಮೊದಲು ಕೇಳಿ. "ನೀವು ಮನೆಗೆ ಹೇಗೆ ಮಾತಾಡುತ್ತೀರಿ?" ಎಂಬ ಒಂದು ಪ್ರಶ್ನೆಗೆ ಅವರು ಕೊಡುವ ಉತ್ತರ ಅಂಗಡಿಯವನ ಹತ್ತು ಸಲಹೆಗಿಂತ ಬೆಲೆಯುಳ್ಳದ್ದು.

ಇನ್ನು ಫೋನಿನ ವಿಷಯ. ಹದಿನೈದು, ಇಪ್ಪತ್ತು ಸಾವಿರದ ಆಸುಪಾಸಿನ ಫೋನ್ ಓದುವ ಮಗುವಿಗೆ ಧಾರಾಳವಾಗಿ ಸಾಕು. ಬೇಕಾಗಿರುವುದು ಮೂರು ಗುಣ. ಎರಡು ಸಿಮ್ ಹಾಕುವಂತಿರಬೇಕು, ಬ್ಯಾಟರಿ ಇಡೀ ದಿನ ಬರಬೇಕು, 4ಜಿ ಅಥವಾ 5ಜಿಯಲ್ಲೇ ಮಾತಾಡಲು ಆಗಬೇಕು. ಮೂರನೆಯದು ಏಕೆಂದರೆ ಕೆಲವು ದೇಶಗಳು ಹಳೆಯ ಜಾಲವನ್ನು ಮುಚ್ಚಿಬಿಟ್ಟಿವೆ. ಅಮೆರಿಕದಲ್ಲಿ 2022ರಲ್ಲಿ 3ಜಿ ಮುಚ್ಚಿತು. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಅಲ್ಲಿ 4ಜಿಯಲ್ಲಿ ತುರ್ತು ಕರೆ ಮಾಡಲಾಗದ ಫೋನನ್ನು ಕಂಪನಿಗಳು ಜಾಲದಿಂದಲೇ ಹೊರಗಿಡುತ್ತವೆ. ಅಣ್ಣನ ಹಳೆಯ ಫೋನನ್ನು ತಮ್ಮನಿಗೆ ಕಟ್ಟಿಕೊಡುವ ಮೊದಲು ಇದನ್ನು ವಿಚಾರಿಸಿ.

ಫೋನನ್ನು ಇಲ್ಲೇ ಕೊಂಡು, ನಮ್ಮ ಸಿಮ್ ಹಾಕಿ, ಹತ್ತು ನಿಮಿಷ ಮಾತಾಡಿ ನೋಡಿ. ಇದು ಬರೀ ಪರೀಕ್ಷೆಗಲ್ಲ. ಕೆಲವು ಕಂಪನಿಗಳ ಫೋನುಗಳು, ಮಾರಾಟವಾದ ದೇಶದ ಸಿಮ್‌ನಲ್ಲಿ ಮೊದಲು ಐದು ನಿಮಿಷ ಮಾತಾಡದಿದ್ದರೆ ಬೇರೆ ದೇಶದ ಸಿಮ್ಮನ್ನು ಒಪ್ಪಿಕೊಳ್ಳುವುದಿಲ್ಲ. ಹೊಸ ಡಬ್ಬಿಯನ್ನು ಒಡೆಯದೆ ಜೋಪಾನವಾಗಿ ಒಯ್ದವರು ಅಲ್ಲಿ ಪೇಚಿಗೆ ಸಿಕ್ಕುತ್ತಾರೆ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವುದಾದರೆ ಅದು ಕದ್ದ ಮಾಲಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. *#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಕಾಣುತ್ತದೆ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಬರೆದು 14422ಕ್ಕೆ ಸಂದೇಶ ಕಳುಹಿಸಿದರೆ ಫೋನಿನ ಜಾತಕ ತಿಳಿಯುತ್ತದೆ. ಕದ್ದ ಫೋನ್ ಅಗ್ಗಕ್ಕೆ ಸಿಕ್ಕಿದರೂ ಅದು ಹಲಾಲ್ ಆಗುವುದಿಲ್ಲ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಐಎಂಇಐ ಸಂಖ್ಯೆಯನ್ನು ಮನೆಯ ಪುಸ್ತಕದಲ್ಲೂ ಬರೆದಿಡಿ. ಫೋನ್ ಕಳೆದರೆ ದೂರು ಕೊಡಲು ಅದು ಬೇಕು.

ಎಲ್ಲ ದೇಶಕ್ಕೂ ಒಂದೇ ಲೆಕ್ಕ ನಡೆಯುವುದಿಲ್ಲ. ಟರ್ಕಿಯಲ್ಲಿ ಹೊರಗಿನಿಂದ ತಂದ ಫೋನಿಗೆ ಅಲ್ಲಿನ ಸಿಮ್ ಹಾಕಿದರೆ 120 ದಿನದೊಳಗೆ ನೋಂದಣಿ ಮಾಡಿಸಬೇಕು, ಇಲ್ಲವಾದರೆ ಜಾಲ ನಿಲ್ಲುತ್ತದೆ. 2025ರಲ್ಲಿ ಆ ನೋಂದಣಿಯ ಶುಲ್ಕ 45 ಸಾವಿರ ಲೀರಾ ದಾಟಿತ್ತು. ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು ಒಂದು ಲಕ್ಷ ರೂಪಾಯಿ! ಅಂಥ ದೇಶಕ್ಕೆ ದುಬಾರಿ ಫೋನ್ ಕೊಟ್ಟು ಕಳುಹಿಸುವುದರಲ್ಲಿ ಏನು ಅರ್ಥವಿದೆ? ಅಲ್ಲಿಯೇ ಒಂದು ಸಾಧಾರಣ ಫೋನ್ ಕೊಳ್ಳುವುದು ಜಾಣತನ.

ಸಿಮ್ ಕೊಳ್ಳುವಾಗಲೂ ತಾಳ್ಮೆ ಬೇಕು. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಸಿಗುವ ಪ್ರವಾಸಿ ಸಿಮ್ ಸಾಮಾನ್ಯವಾಗಿ ಊರೊಳಗಿನದಕ್ಕಿಂತ ದುಬಾರಿ. ಮೊದಲ ಎರಡು ಮೂರು ದಿನಕ್ಕೆ ಚಿಕ್ಕ ಪ್ಯಾಕ್ ಸಾಕು. ಹಾಸ್ಟೆಲ್ ಸೇರಿದ ಮೇಲೆ ಹಿರಿಯ ವಿದ್ಯಾರ್ಥಿಗಳ ಜೊತೆ ಕಂಪನಿಯ ಅಂಗಡಿಗೆ ಹೋಗಿ, ತನ್ನ ಪಾಸ್‌ಪೋರ್ಟ್ ತೋರಿಸಿ, ತನ್ನ ಹೆಸರಿನಲ್ಲೇ ಸಿಮ್ ಪಡೆಯಬೇಕು. ಜರ್ಮನಿಯಲ್ಲಿ 2017ರಿಂದ ಗುರುತು ತೋರಿಸದೆ ಪ್ರೀಪೇಯ್ಡ್ ಸಿಮ್ ಚಾಲೂ ಮಾಡುವುದಿಲ್ಲ. ರಷ್ಯಾದಲ್ಲಿ 2025ರ ಜನವರಿಯಿಂದ ವಿದೇಶಿಯರು ಮುಖ ಮತ್ತು ಧ್ವನಿಯ ಗುರುತನ್ನೂ ಕೊಡಬೇಕು. "ಯಾರದೋ ಹೆಸರಿನ ಸಿಮ್ ಅಗ್ಗಕ್ಕೆ ಸಿಗುತ್ತದೆ" ಎಂದು ಯಾರಾದರೂ ಕೊಟ್ಟರೆ ಮಗು ಅದನ್ನು ಮುಟ್ಟಬಾರದು, ತನ್ನ ಹೆಸರಿನ ಸಿಮ್ಮನ್ನು ಇನ್ನೊಬ್ಬರ ಕೈಗೆ ಕೊಡಲೂಬಾರದು. ಆ ಸಿಮ್‌ನಿಂದ ನಡೆದ ಮೋಸಕ್ಕೆ ಪೊಲೀಸರು ಮೊದಲು ಹುಡುಕಿ ಬರುವುದು ಹೆಸರಿರುವವರನ್ನು. ಪರದೇಶದಲ್ಲಿ ಜಾಮೀನಿಗೆ ನಿಲ್ಲಲು ನಮ್ಮ ಚಿಚ್ಚಾ, ಮಾಮೂಗಳು ಇರುವುದಿಲ್ಲ.

'ಫೋನ್ ಉಚಿತ, ತಿಂಗಳ ಬಿಲ್ ಮಾತ್ರ ಕಟ್ಟಿ' ಎಂಬ ಎರಡು ವರ್ಷದ ಕರಾರಿನ ಬಗ್ಗೆಯೂ ಎಚ್ಚರ ಹೇಳಿ. ಫೋನಿನ ಬೆಲೆಯೂ ಎಷ್ಟೋ ಸಲ ಅದರ ಬಡ್ಡಿಯೂ ಆ ಬಿಲ್ಲಿನೊಳಗೇ ಅಡಗಿರುತ್ತದೆ. ಮಧ್ಯೆ ಬಿಡಲು ಹೋದರೆ ಉಳಿದ ತಿಂಗಳ ಹಣ ಒಟ್ಟಿಗೆ ಕೇಳುತ್ತಾರೆ. ಬಡ್ಡಿಯಿಂದ ದೂರವಿರಬೇಕೆನ್ನುವ ನಾವು ಸಹಿ ಹಾಕುವ ಮೊದಲು ಓದಬೇಕು. ದುಂದೂ ಬೇಡ, ಜಿಪುಣತನವೂ ಬೇಡ ಎನ್ನುವ ನಮ್ಮ ದೀನ್‌ನ ಮಧ್ಯಮ ಮಾರ್ಗ ಇಲ್ಲಿಗೂ ಅನ್ವಯಿಸುತ್ತದೆ. ತಿಂಗಳು ತಿಂಗಳು ಹಣ ತುಂಬುವ ಪ್ರೀಪೇಯ್ಡ್ ಸಿಮ್ ವಿದ್ಯಾರ್ಥಿಗೆ ಸುರಕ್ಷಿತ.

ಇಲ್ಲಿಯ ನಂಬರಿನ ಕಥೆಯನ್ನು ಮಾತ್ರ ಬಹಳ ಮಂದಿ ಮರೆಯುತ್ತಾರೆ. ಮಗುವಿನ ಬ್ಯಾಂಕ್, ಆಧಾರ್, ಶಿಕ್ಷಣ ಸಾಲ ಎಲ್ಲವೂ ಇಲ್ಲಿಯ ನಂಬರಿಗೆ ಜೋಡಿಸಿರುತ್ತವೆ. ಹಣ ಕಳುಹಿಸಬೇಕಾದರೂ ತೆಗೆಯಬೇಕಾದರೂ ಓಟಿಪಿ ಬರುವುದು ಅದಕ್ಕೇ. ಸತತ 90 ದಿನ ಯಾವ ಬಳಕೆಯೂ ಇಲ್ಲದ ಪ್ರೀಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಬಹುದು. ಆಮೇಲೆ ಆ ನಂಬರ್ ಬೇರೊಬ್ಬರ ಪಾಲಾಗುತ್ತದೆ. ಆದ್ದರಿಂದ ಆ ಸಿಮ್ ಫೋನಿನಲ್ಲೇ ಇರಲಿ, ಹೊರಡುವ ಮೊದಲು ಅದಕ್ಕೆ ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ರೀಚಾರ್ಜನ್ನು ಮನೆಯಿಂದ ನೀವು ಮಾಡಿ. ಇಂಟರ್ನೆಟ್ ಇಲ್ಲದ, ಮಾತು ಮತ್ತು ಸಂದೇಶಕ್ಕೆ ಮಾತ್ರ ಇರುವ ಪ್ಯಾಕುಗಳನ್ನೂ ಕೊಡಬೇಕೆಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಂಪನಿಗಳಿಗೆ ಹೇಳಿದೆ. ನಮಗೆ ಬೇಕಾದದ್ದು ಅದೇ. ಆದರೆ ನಮ್ಮ ಸಿಮ್‌ನ ಇಂಟರ್ನೆಟ್ ಮಾತ್ರ ಅಲ್ಲಿ ಸದಾ ಬಂದ್ ಇರಬೇಕು. ಪಾವಗಡದವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂದೆ ಊರ ಅಂಚಿನಲ್ಲಿ ಆಂಧ್ರದ ಟವರ್ ಹಿಡಿದರೂ ರೋಮಿಂಗ್ ಎಂದು ದುಡ್ಡು ಕಡಿಯುತ್ತಿದ್ದ ಕಾಲವಿತ್ತಲ್ಲ. ಈಗ ದೇಶದೊಳಗೆ ಆ ಭಯವಿಲ್ಲ, ದೇಶದ ಹೊರಗೆ ಇದೆ. ವಾಟ್ಸಾಪ್ ಹಳೆಯ ನಂಬರಿನಲ್ಲೇ ಇರಬಹುದು, ಇಂಟರ್ನೆಟ್ ಮಾತ್ರ ಅಲ್ಲಿನ ಸಿಮ್‌ನಿಂದ ಬರಲಿ.

ಸಹೋದರಿಯರೇ, ಇಷ್ಟೆಲ್ಲ ಮಗುವಿನ ಕೈಯ ಫೋನಿನ ಮಾತಾಯಿತು. ದಾರದ ಇನ್ನೊಂದು ತುದಿ ನಿಮ್ಮ ಕೈಯಲ್ಲಿದೆ. ಅದರ ಬಗ್ಗೆ ಯೋಚಿಸಿದ್ದೀರಾ?

ನಮ್ಮ ಅನೇಕ ಮನೆಗಳಲ್ಲಿ ಇಂದಿಗೂ ತಾಯಿಗೆ ಸ್ವಂತ ಫೋನಿಲ್ಲ. ಮಗಳು ಪರದೇಶದಿಂದ ಮಾಡುವ ಕರೆ ಅಬ್ಬಾನ ಫೋನಿಗೋ ಅಣ್ಣನ ಫೋನಿಗೋ ಬರುತ್ತದೆ. ಎಲ್ಲರ ನಡುವೆ ಸ್ಪೀಕರ್‌ನಲ್ಲಿ "ಚೆನ್ನಾಗಿದ್ದೀಯಾ ಬೇಟಾ? ಊಟವಾಯಿತಾ?" ಎನ್ನುವಷ್ಟರಲ್ಲಿ ಮಾತು ಮುಗಿಯುತ್ತದೆ. ಮೈ ಹುಷಾರಿಲ್ಲ, ಒಬ್ಬಳೇ ಅಳುತ್ತಿದ್ದೇನೆ, ಪರೀಕ್ಷೆಯಲ್ಲಿ ಫೇಲಾಗಿದ್ದೇನೆ ಎಂದು ಮಗಳು ಸ್ಪೀಕರ್‌ನಲ್ಲಿ ಹೇಳುವಳೇ? ತಾಯಿಯ ಕಿವಿಗಷ್ಟೇ ಹೇಳುವ ಮಾತುಗಳಿರುತ್ತವೆ. ಮಗುವಿನ ಫೋನಿನಲ್ಲಿ ಉಳಿಸಿದ ಹಣದ ಒಂದು ಸಣ್ಣ ಪಾಲಿನಲ್ಲಿ ನಿಮಗೊಂದು ಫೋನ್ ಬರುತ್ತದೆ. ಗಂಡನಲ್ಲಿ ಕೇಳಲು ಸಂಕೋಚ ಬೇಡ. ಅದು ಶೋಕಿ ಅಲ್ಲ, ಮಗುವಿನ ರಕ್ಷಣೆ.

ಫೋನ್ ಬಂದ ಮೇಲೆ ಒಂದು ಪಾಠ ಕಲಿಯಿರಿ. ಪರದೇಶದ ನಂಬರನ್ನು ನೀವೇ ಒತ್ತಿ ಕರೆ ಮಾಡುವುದನ್ನು ಮಗು ಹೊರಡುವ ಮೊದಲೇ ತಿಳಿದುಕೊಳ್ಳಿ. ಬಾಂಗ್ಲಾದೇಶಕ್ಕೆ 880, ಜರ್ಮನಿಗೆ 49, ಹೀಗೆ ಪ್ರತಿ ದೇಶಕ್ಕೆ ಒಂದು ಸಂಖ್ಯೆ ಇದೆ. ಅದರ ಮೊದಲು ಕೂಡಿಸುವ ಗುರುತು ಅಥವಾ ಎರಡು ಸೊನ್ನೆ ಹಾಕಬೇಕು. ನಿಮ್ಮ ಸಿಮ್‌ನಲ್ಲಿ ಐಎಸ್‌ಡಿ ಸೌಲಭ್ಯ ಇದೆಯೇ ಎಂದು ಅಂಗಡಿಯಲ್ಲಿ ಕೇಳಿ. ದುಬಾರಿಯಾದರೂ ಒಂದು ನಿಮಿಷದ ಕರೆಗಾಗುವಷ್ಟು ಹಣ ಅದರಲ್ಲಿ ಸದಾ ಇರಲಿ. ಒಂದು ಕಾಗದದ ಮೇಲೆ ಮಗುವಿನ ಅಲ್ಲಿನ ನಂಬರ್, ಹಾಸ್ಟೆಲ್ ನಂಬರ್, ಇಬ್ಬರು ಗೆಳತಿಯರ ನಂಬರ್, ಆ ದೇಶದ ಭಾರತೀಯ ರಾಯಭಾರ ಕಚೇರಿಯ ನಂಬರ್ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಮಗುವೂ ನಿಮ್ಮ ನಂಬರನ್ನು ಬಾಯಿಪಾಠ ಮಾಡಲಿ. ಫೋನ್ ಕಳೆದುಹೋದ ದಿನ ತಲೆಯೊಳಗಿನ ನಂಬರ್ ಮಾತ್ರ ಉಳಿದಿರುತ್ತದೆ. ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ 'ಮದದ್' ಪೋರ್ಟಲ್‌ನಲ್ಲಿ ಮಗು ಹೆಸರು ನೋಂದಾಯಿಸಲಿ.

ಇನ್ನೊಂದು ಎಚ್ಚರ. "ನಿಮ್ಮ ಮಗ ಸಿಕ್ಕಿಬಿದ್ದಿದ್ದಾನೆ, ಬಿಡಿಸಲು ಈಗಲೇ ಹಣ ಹಾಕಿ" ಎಂದು ಪೊಲೀಸರ ಸೋಗಿನಲ್ಲಿ ಹೆದರಿಸುವ ಕರೆಗಳು ಬರುತ್ತಿವೆ. ಹಿನ್ನೆಲೆಯಲ್ಲಿ ಅಳುವ ದನಿಯೂ ಕೇಳಿಸಬಹುದು. ನಿಮಗೂ ಮಗುವಿಗೂ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಪದ ಇಟ್ಟುಕೊಳ್ಳಿ. ಅಜ್ಜಿಯ ಅಡ್ಡ ಹೆಸರಾದರೂ ಸಾಕು. ಆ ಪದ ಹೇಳದ ಯಾರಿಗೂ ಒಂದು ಪೈಸೆ ಕಳುಹಿಸಬೇಡಿ. ಕರೆ ಕತ್ತರಿಸಿ, ಗೋಡೆಯ ಕಾಗದ ನೋಡಿ ಮಗುವಿಗೇ ಫೋನ್ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ.

ಕೊನೆಯದಾಗಿ, ಈ ದಾರವನ್ನು ಹಗ್ಗ ಮಾಡಬೇಡಿ. ಎಲ್ಲಿದ್ದೀಯಾ, ಯಾರ ಜೊತೆಗಿದ್ದೀಯಾ ಎಂದು ಗಂಟೆಗೊಮ್ಮೆ ಕೇಳಿದರೆ, ಅದರಲ್ಲೂ ಹೆಣ್ಣುಮಕ್ಕಳನ್ನು ಕೇಳಿದರೆ, ಮಗು ಮಾತಾಡುವುದನ್ನೇ ಕಡಿಮೆ ಮಾಡುತ್ತದೆ. ನಂಬಿ ಕಳುಹಿಸಿದ್ದೀರಿ, ನಂಬಿಯೇ ಮಾತಾಡಿ. ದಿನಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಢಾಕಾ, ಬಿಷ್ಕೆಕ್ ನಮಗಿಂತ ಅರ್ಧ ಗಂಟೆ ಮುಂದು, ತಿಬಿಲಿಸಿ ಒಂದೂವರೆ ಗಂಟೆ ಹಿಂದು. ಆ ಲೆಕ್ಕ ನೋಡಿಕೊಂಡು ಕರೆ ಮಾಡಿ, ಮಗುವಿನ ನಿದ್ದೆಯನ್ನೂ ಪಾಠವನ್ನೂ ಕೆಡಿಸಬೇಡಿ.

ಹಿಂದೆ ಗಲ್ಫಿಗೆ ಹೋದವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳುಹಿಸುತ್ತಿದ್ದರು. ಊರಿಗೆ ಬರುವವರ ಕೈಯಲ್ಲಿ ಅದು ಬರುವವರೆಗೆ ತಾಯಿ ಕಾಯುತ್ತಿದ್ದಳು. ಎಸ್‌ಟಿಡಿ ಬೂತಿನ ಮುಂದೆ ಸಾಲಿನಲ್ಲಿ ನಿಂತು ಮೂರು ನಿಮಿಷ ಮಾತಾಡಿ, ಅದನ್ನೇ ಮೂರು ವಾರ ನೆನೆಯುತ್ತಿದ್ದಳು. ನಮಗೆ ಅಷ್ಟು ಕಾಯುವ ಕಷ್ಟವಿಲ್ಲ, ಅಲ್‌ಹಮ್ದುಲಿಲ್ಲಾಹ್. ಮಗುವಿನ ಪೆಟ್ಟಿಗೆ ಕಟ್ಟುವ ಮೊದಲು ಆ ಕಾಗದವನ್ನು ಬರೆದು ಗೋಡೆಗೆ ಅಂಟಿಸಿ. ಉಳಿದದ್ದಕ್ಕೆ ದುಆ ಇದೆ. ಅದಕ್ಕೆ ಸಿಮ್ ಬೇಡ, ರೀಚಾರ್ಜೂ ಬೇಡ.