ಸೋರುವ ಬ್ರೇಕು ಮತ್ತು ‘ನಾಳೆ ನೋಡೋಣ’

ವಾಹನವೊಂದು ಓಡುವುದನ್ನು ಕಂಡು ನಾವು ಬೆರಗಾಗುತ್ತೇವೆ. ಅದು ನಿಲ್ಲುವುದನ್ನು ಕಂಡು ಬೆರಗಾದವರು ಯಾರೂ ಇಲ್ಲ. ಹೊಸ ಗಾಡಿ ಕೊಂಡವರನ್ನು ‘ಎಷ್ಟು ವೇಗ ಹೋಗುತ್ತದೆ?’, ‘ಲೀಟರಿಗೆ ಎಷ್ಟು ಕೊಡುತ್ತದೆ?’ ಎಂದು ಕೇಳುವವರೇ ಎಲ್ಲರೂ. ‘ತುಳಿದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆ?’ ಎಂದು ಕೇಳಿದವರನ್ನು ನಾನಂತೂ ಕಾಣೆ. ಆದರೆ ಆಗುಂಬೆ ಘಾಟಿಯ ೧೪ ತಿರುವುಗಳನ್ನು ಇಳಿಯುವಾಗ ನಮ್ಮ ಪ್ರಾಣವನ್ನು ಕಾಯುವುದು ಗಾಡಿಯ ಓಡುವ ಶಕ್ತಿಯಲ್ಲ, ನಿಲ್ಲುವ ಶಕ್ತಿ. ಆ ಶಕ್ತಿ ಒಂದು ತಂಬಿಗೆಯಷ್ಟೂ ಇಲ್ಲದ ಎಣ್ಣೆಯಲ್ಲಿ ಅಡಗಿದೆ ಎಂಬುದು ಎಷ್ಟು ಜನರಿಗೆ ಗೊತ್ತು?

ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ತರಗತಿಯವನಿಗೆ ಬ್ರೇಕಿನ ಉಸಾಬರಿ ಏಕೆ ಎಂದು ಮಿತ್ರರು ನಗಬಹುದು. ನಗಲಿ. ಬಸ್ಸು, ಟೆಂಪೋ, ಆಟೋ ಹತ್ತದೆ ಈ ಕಾಲೇಜಿಗೆ ಬರುವವರು ನಮ್ಮಲ್ಲಿ ಎಷ್ಟು ಮಂದಿ? ಮೇಲಾಗಿ, ಬ್ರೇಕಿನ ಎಣ್ಣೆ ಸೋರುವುದು ಬರಿಯ ಯಂತ್ರದ ವಿಷಯವಲ್ಲ. ಅದು ಕೂಲಿಯ ವಿಷಯ, ಬಾಡಿಗೆಯ ವಿಷಯ, ಕೊನೆಗೆ ಧರ್ಮಾಧರ್ಮದ ವಿಷಯ.

ಮೊದಲು ಯಂತ್ರದ ಮಾತು. ಮುಚ್ಚಿದ ಪಾತ್ರೆಯಲ್ಲಿನ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ೧೭ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ತೋರಿಸಿಕೊಟ್ಟನು. ಅಮೆರಿಕದಲ್ಲಿ ೧೯೨೧ರ ಡ್ಯೂಸೆನ್‌ಬರ್ಗ್ ಕಾರು ಈ ತತ್ತ್ವವನ್ನು ನಾಲ್ಕು ಚಕ್ರಗಳ ಬ್ರೇಕಿಗೂ ಬಳಸಿಕೊಂಡಿತು. ದೊಡ್ಡ ಬಸ್ಸು ಲಾರಿಗಳಿಗೆ ಗಾಳಿಯ ಬ್ರೇಕುಂಟು. ಕಾರು, ಜೀಪು, ಸಣ್ಣ ಟೆಂಪೋಗಳೆಲ್ಲ ಇಂದಿಗೂ ಈ ದ್ರವವನ್ನೇ ನಂಬಿವೆ. ಕಾಲು ಪೆಡಲನ್ನು ತುಳಿದರೆ ಮಾಸ್ಟರ್ ಸಿಲಿಂಡರಿನ ಎಣ್ಣೆ ಕೊಳವೆಗಳಲ್ಲಿ ಒತ್ತಿ ಚಕ್ರವನ್ನು ಹಿಡಿಯುತ್ತದೆ. ದ್ರವ ಕುಗ್ಗುವುದಿಲ್ಲ, ಆದ್ದರಿಂದ ಕಾಲಿನ ಮಾತು ಚಕ್ರಕ್ಕೆ ಮುಟ್ಟುತ್ತದೆ. ಗಾಳಿ ಕುಗ್ಗುತ್ತದೆ. ಎಣ್ಣೆ ಬರಿದಾಗಿ ಗಾಳಿ ಒಳಹೊಕ್ಕರೆ ಪೆಡಲು ಹತ್ತಿಯ ದಿಂಬಿನಂತೆ ಕುಸಿಯುತ್ತದೆಯೇ ಹೊರತು ಚಕ್ರ ನಿಲ್ಲುವುದಿಲ್ಲ.

‘ಹನಿಗೂಡಿದರೆ ಹಳ್ಳ’ ಎಂದರು ಹಿರಿಯರು. ಹನಿ ಸೋರಿದರೆ ಏನಾದೀತೆಂಬುದನ್ನು ಹೇಳುವ ಹೊಣೆಯನ್ನು ನಮಗೆ ಬಿಟ್ಟರೋ ಏನೋ! ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದರೆ ಎಣ್ಣೆ ಪೆಡಲಿನ ಬುಡದಲ್ಲಿ ಜಿನುಗಬಹುದು. ಚಕ್ರದ ಸಿಲಿಂಡರು ಸೋರಿದರೆ ಟೈರಿನ ಒಳಮೈ ಒದ್ದೆಯಾಗುತ್ತದೆ. ರಬ್ಬರಿನ ಕೊಳವೆ ಬಿರಿಯುತ್ತದೆ. ಕಬ್ಬಿಣದ ಕೊಳವೆ ತುಕ್ಕು ತಿನ್ನುತ್ತದೆ. ಹೊಸದಿರುವಾಗ ನೀರಿನಂತೆಯೋ ತೆಳು ಹಳದಿಯಾಗಿಯೋ, ಹಳತಾದಂತೆ ಕಂದಾಗಿಯೋ ಇರುವ, ಬೆರಳಿಗೆ ಜಾರುವ ಈ ದ್ರವ ನಿಂತ ಗಾಡಿಯ ಕೆಳಗೆ ಕಂಡರೆ ಅದನ್ನು ನೀರೆಂದು ತಳ್ಳಿಹಾಕಬಾರದು. ಬಾನೆಟ್ಟಿನೊಳಗಿನ ಡಬ್ಬಿಯಲ್ಲಿ ಎಣ್ಣೆ ಕೆಳಗೆರೆಗೆ ಇಳಿದಿದ್ದರೆ, ಎದುರಿನ ಕೆಂಪು ದೀಪ ಕೈಬ್ರೇಕು ಬಿಟ್ಟ ಮೇಲೂ ಆರದಿದ್ದರೆ, ಪೆಡಲು ಎಂದಿಗಿಂತ ಆಳಕ್ಕೆ ಹೋದರೆ, ಗಾಡಿ ತಾನೇ ಬಾಯಿಬಿಟ್ಟು ಹೇಳಿದಂತೆ. ಪ್ಯಾಡುಗಳು ಸವೆದಾಗಲೂ ಮಟ್ಟ ತುಸು ಇಳಿಯುವುದುಂಟು. ಆದರೆ ಸವೆತವೋ ಸೋರಿಕೆಯೋ ಎಂದು ನೋಡಿಯೇ ತೀರ್ಮಾನಿಸಬೇಕು, ಊಹಿಸಿ ಅಲ್ಲ.

ನಮ್ಮಲ್ಲಿ ಇದಕ್ಕೆ ಮಾಡುವ ಔಷಧಿ ಒಂದೇ: ಸೋರಿದಷ್ಟನ್ನು ಸುರಿಯುವುದು! ತೂತು ಬಿದ್ದ ಕೊಡಕ್ಕೆ ನೀರು ಹೊತ್ತಂತೆ ಇದು. ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ಬ್ರೇಕಿನ ಎಣ್ಣೆ ಸಿಗದಿದ್ದಾಗ ಇಂಜಿನ್ನಿನ ಎಣ್ಣೆಯನ್ನೇ ಹಾಕಿಬಿಡುತ್ತಾರೆ. ಅದು ಒಳಗಿನ ರಬ್ಬರುಗಳನ್ನು ಉಬ್ಬಿಸಿ ಕೆಡಿಸಿ, ಒಂದು ಕಡೆಯ ರೋಗವನ್ನು ಮೈಯೆಲ್ಲ ಹರಡಿಸುತ್ತದೆ. ಗಾಡಿಗೆ ಡಾಟ್ ೩ ಅಥವಾ ಡಾಟ್ ೪ ಎಂದು ಯಾವುದನ್ನು ಹೇಳಿದೆಯೋ ಅದನ್ನೇ ಹಾಕಬೇಕು. ಈ ಎಣ್ಣೆ ಗಾಳಿಯ ತೇವವನ್ನು ಹೀರುವುದರಿಂದ ಬಹುದಿನ ಬಾಯ್ತೆರೆದಿಟ್ಟ ಡಬ್ಬಿಯದು ಕೂಡದು. ಹೊಸ ಡಾಟ್ ೩ ಎಣ್ಣೆ ೨೦೫ ಡಿಗ್ರಿ ಸೆಂಟಿಗ್ರೇಡಿನವರೆಗಾದರೂ ಕುದಿಯದಿರಬೇಕೆಂಬುದು ನಿಯಮ. ತೇವ ಹೀರಿದ ಮೇಲಿನ ಮಿತಿ ೧೪೦ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಕಾದ ಬ್ರೇಕಿನಲ್ಲಿ ಅದು ಕುದಿದು ಆವಿಯಾದರೆ ಪೆಡಲಿನ ಗತಿ ಮತ್ತೆ ಹತ್ತಿಯ ದಿಂಬೇ.

ನಿಜವಾದ ರಿಪೇರಿ ಎಂದರೆ ಸೋರುವ ಜಾಗವನ್ನು ಹುಡುಕಿ ರಬ್ಬರೋ ಕೊಳವೆಯೋ ಬದಲಿಸುವುದು. ಎಣ್ಣೆ ಕುಡಿದ ಲೈನರುಗಳನ್ನು ಒರೆಸಿ ಮತ್ತೆ ಕೂರಿಸದೆ ಹೊಸದನ್ನು ಹಾಕುವುದು. ಒಬ್ಬರು ಪೆಡಲು ತುಳಿದು ಹಿಡಿದು, ಇನ್ನೊಬ್ಬರು ಚಕ್ರದ ನಿಪ್ಪಲ್ ಸಡಿಲಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಗಾಳಿ ತೆಗೆಯುವುದು. ಅಷ್ಟಾಗುವವರೆಗೆ ಗಾಡಿ ಕದಲಬಾರದು. ಓಡುತ್ತಿರುವಾಗಲೇ ಪೆಡಲು ಕುಸಿದರೆ ಬೇಗಬೇಗ ಹಲವು ಸಲ ತುಳಿಯಬೇಕು, ಗೇರನ್ನು ಒಂದೊಂದಾಗಿ ಇಳಿಸಬೇಕು, ಕೈಬ್ರೇಕನ್ನು ಒಮ್ಮೆಗೇ ಎಳೆಯದೆ ಮೆಲ್ಲಮೆಲ್ಲನೆ ಎಳೆಯಬೇಕು, ಹಾರನ್ನು ಬಿಡಬಾರದು, ಇಂಜಿನ್ನು ಆರಿಸಿ ಕೀಲಿ ಕೀಳಬಾರದು, ಸ್ಟಿಯರಿಂಗ್ ಬಿಗಿದೀತು.

ಇಷ್ಟೆಲ್ಲ ಬಲ್ಲವರು ಯಾರು? ಡ್ರೈವರುಗಳು ಬಲ್ಲರು. ನನಗೆ ಇದನ್ನು ಕಲಿಸಿದವರು ಯಾವ ಉಪನ್ಯಾಸಕರೂ ಅಲ್ಲ, ಇನ್ನೊಬ್ಬರ ಟೆಂಪೋ ಓಡಿಸಿ ನಮ್ಮನ್ನು ಸಾಕಿದ ನಮ್ಮ ತಂದೆಯವರು. ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದರೂ ಈ ವಿದ್ಯೆಯಲ್ಲಿ ಅವರ ಮುಂದೆ ನಾನಿನ್ನೂ ಒಂದನೆಯ ತರಗತಿ. ಒಂದು ಬೆಳಿಗ್ಗೆ ಹಿಂದಿನ ಚಕ್ರ ಒದ್ದೆಯಾದುದನ್ನು ಕಂಡು ಅವರು ಮಾಲೀಕರಿಗೆ ತಿಳಿಸಿದರು. ‘ಆಯಿಲ್ ಹಾಕ್ಕೊಂಡು ಇವತ್ತೊಂದು ಟ್ರಿಪ್ ಹೊಡ್ಕೊಂಡು ಬಾರಪ್ಪ, ನಾಳೆ ನೋಡೋಣ’ ಎಂದು ಉತ್ತರ ಬಂತು. ‘ಈ ಗಾಡಿ ನಾನು ಹೊರಡಿಸೋಲ್ಲ ಸ್ವಾಮಿ’ ಎಂದರು ತಂದೆ. ಗಾಡಿ ಹೊರಡಲಿಲ್ಲ. ಆದರೆ ಅದು ಗ್ಯಾರೇಜಿನಲ್ಲಿದ್ದ ಮೂರು ದಿನದ ಕೂಲಿಯೂ ನಮ್ಮ ಮನೆಗೆ ಬರಲಿಲ್ಲ.

ನನ್ನ ವಾದವೆಲ್ಲ ಈ ಮೂರು ದಿನದ ಕೂಲಿಯ ಮೇಲೆ ನಿಂತಿದೆ. ಅಪಘಾತವಾದಾಗ ನಾವು ‘ಬ್ರೇಕ್ ಫೇಲ್ ಆಯಿತಂತೆ’ ಎಂದು ವಿಧಿಯನ್ನು ದೂರಿ ಸುಮ್ಮನಾಗುತ್ತೇವೆ; ಇಲ್ಲವೆ ಡ್ರೈವರನನ್ನು ಹಿಡಿದು ಬಡಿಯುತ್ತೇವೆ. ಬ್ರೇಕು ಒಮ್ಮೆಗೇ ಕೈಕೊಡುವುದೂ ಉಂಟು. ಆದರೆ ಹಲವು ಸಲ ಅದು ವಾರಗಟ್ಟಲೆ ಹನಿಹನಿಯಾಗಿ ಹೇಳಿರುತ್ತದೆ, ಕೇಳಿಸಿಕೊಂಡವರು ‘ನಾಳೆ’ ಎಂದಿರುತ್ತಾರೆ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೧೯೦ನೆಯ ಕಲಮು ಅಪಾಯಕರ ದೋಷವುಳ್ಳ ಗಾಡಿಯನ್ನು ಓಡಿಸುವವನನ್ನು ಮಾತ್ರವಲ್ಲ, ತಿಳಿದೂ ಓಡಿಸಗೊಡುವವನನ್ನೂ ಅಪರಾಧಿ ಎನ್ನುತ್ತದೆ. ಸಾಧಾರಣ ಎಚ್ಚರದಿಂದ ತಿಳಿಯಬಹುದಾಗಿದ್ದ ದೋಷಕ್ಕೂ ಇದು ಸಲ್ಲುತ್ತದೆ. ಕಾಯಿದೆ ಇಬ್ಬರನ್ನೂ ಕಾಣುತ್ತದೆ, ಊರ ಕಣ್ಣು ಮಾತ್ರ ಒಬ್ಬನನ್ನೇ ಕಾಣುತ್ತದೆ.

ಮಾಲೀಕರೂ ಎಲ್ಲರೂ ಸಿರಿವಂತರಲ್ಲ. ಸಾಲದ ಕಂತು ಕಟ್ಟಬೇಕು, ಬಾಡಿಗೆ ತಪ್ಪಿದರೆ ಗಿರಾಕಿ ಕೈಬಿಡುತ್ತಾನೆ ಎಂಬುದು ಸುಳ್ಳಲ್ಲ. ಆದರೆ ಕಂತು ತಪ್ಪಿದರೆ ಮುಂದಿನ ತಿಂಗಳು ಕಟ್ಟಬಹುದು. ಹೋದ ಜೀವಕ್ಕೆ ಮುಂದಿನ ತಿಂಗಳೆಂಬುದಿಲ್ಲ. ಈಗಿನ ಕಾರುಗಳಲ್ಲಿ ಎಣ್ಣೆಗೆ ಎರಡು ಮಾರ್ಗಗಳಿವೆ, ಒಂದು ಸೋರಿದರೆ ಇನ್ನೊಂದುಂಟು ಎನ್ನುವವರಿದ್ದಾರೆ. ಆ ಎರಡನೆಯದು ಗಾಡಿಯನ್ನು ಬದಿಗೆ ನಿಲ್ಲಿಸಲಿಕ್ಕೆ ಕೊಟ್ಟದ್ದು, ಮತ್ತೊಂದು ಬಾಡಿಗೆ ಹೊಡೆಯಲಿಕ್ಕಲ್ಲ. ಅದೊಂದೇ ಉಳಿದಾಗ ನಿಲ್ಲಲು ಬಹಳ ಹೆಚ್ಚು ದೂರ ಬೇಕು.

ಆದ್ದರಿಂದ ನಾನು ಹೇಳುವುದಿಷ್ಟೆ. ದೋಷವಿದೆ, ಹೊರಡಿಸೆನು ಎನ್ನುವ ಡ್ರೈವರನ ಆ ದಿನದ ಕೂಲಿಯನ್ನು ಮುರಿಯಬಾರದು. ಅದು ಕೆಲಸ ತಪ್ಪಿಸಿದ ದಿನವಲ್ಲ, ದೊಡ್ಡ ಕೆಲಸ ಮಾಡಿದ ದಿನ. ಹಾಗೆಯೇ ಗಾಡಿ ಏಕೆ ತಡವಾಯಿತೆಂದು ಗೊಣಗುವ ಪ್ರಯಾಣಿಕರಾದ ನಾವು, ಸೀಟಿನಲ್ಲಿ ಕೂರುವ ಮುನ್ನ ಒಮ್ಮೆ ಬಗ್ಗಿ ಚಕ್ರದ ಬುಡವನ್ನು ನೋಡಲು ನಾಚಬೇಕಾಗಿಲ್ಲ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜಾಣತನ ಸಾಕು. ಸೋರುವ ಬ್ರೇಕಿನ ಮುಂದೆ ನಿಂತು ‘ನಾಳೆ’ ಎನ್ನುವವರಿಗೆ ‘ಇಂದೇ’ ಎನ್ನುವ ಧೈರ್ಯ ನಮ್ಮೆಲ್ಲರಿಗೂ ಬರಲಿ.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ