ಸಾಲದ ಕಂತಿಗೆ ಕೂಡಬಹುದು, ಸದಕಾಕ್ಕೆ ಕೂಡಬಾರದೇ?

ವಿಜಯಪುರ ನಗರದ ಗಲ್ಲಿಗಳಲ್ಲಾಗಲಿ, ತಿಕೋಟಾ ಮತ್ತು ಬಬಲೇಶ್ವರದ ಓಣಿಗಳಲ್ಲಾಗಲಿ ಭಿಶಿ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹತ್ತಿಪ್ಪತ್ತು ಮಂದಿ ಮಹಿಳೆಯರು ತಿಂಗಳಿಗೊಮ್ಮೆ ಒಂದು ಮನೆಯಲ್ಲಿ ಕೂಡುತ್ತಾರೆ, ಗೊತ್ತುಪಡಿಸಿದ ಮೊತ್ತವನ್ನು ತಂದಿಡುತ್ತಾರೆ, ಚೀಟಿ ಎತ್ತುತ್ತಾರೆ, ಹೆಸರು ಬಂದವಳು ಗಂಟನ್ನು ಒಯ್ಯುತ್ತಾಳೆ. ಅದರಿಂದ ಮಗನ ಕಾಲೇಜಿನ ಶುಲ್ಕ ಕಟ್ಟಿದವರಿದ್ದಾರೆ, ಮಗಳ ಮದುವೆಗೆ ಪಾತ್ರೆ ಕೊಂಡವರಿದ್ದಾರೆ. ಅಲ್ಲಿ ಲೆಕ್ಕ ತಪ್ಪುವುದು ಅಪರೂಪ. ಅಕ್ಷರ ಬಾರದ ಅಜ್ಜಿಯೂ ಯಾರ ಹಣ ಬಂತು, ಯಾರದು ಬಾಕಿ ಎಂಬುದನ್ನು ಬೆರಳು ಮಡಿಚಿ ಹೇಳಬಲ್ಲಳು.

ಇದೇ ಮಹಿಳೆಯರು ಇದೇ ಅಂಗಳದಲ್ಲಿ ಕುಳಿತು, ವರ್ಷಕ್ಕೊಂದೆರಡು ಸಲ ಗಂಟನ್ನು ತಮ್ಮಲ್ಲೊಬ್ಬರು ಒಯ್ಯುವ ಬದಲು ಊರಿನ ಅನಾಥಾಲಯಕ್ಕೋ, ಹೆಣ್ಣುಮಕ್ಕಳ ಮದ್ರಸಕ್ಕೋ, ಡಯಾಲಿಸಿಸ್ ರೋಗಿಗಳಿಗೆ ನೆರವಾಗುವ ಸಂಘಕ್ಕೋ ಕೊಡೋಣ ಎಂದರೆ ಏನಾಗುತ್ತದೆ? ಆಗ ಪ್ರಶ್ನೆಗಳು ಏಳುತ್ತವೆ. ಗಂಡನ ಅನುಮತಿ ಇದೆಯೇ? ಹೆಂಗಸರು ಹೀಗೆ ಕೂಡುವುದು ಸರಿಯೇ? ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ತಿಳಿವಳಿಕೆ ಅವರಿಗೆಲ್ಲಿದೆ? ಜಮಾಅತ್ ಇರುವಾಗ ಇನ್ನೊಂದು ಕೂಟವೇಕೆ? ಈ ಮಾತುಗಳನ್ನು ನಾವು ಕೇಳಿರುವುದು ಮಸೀದಿಯ ಮೊದಲ ಸಫ್‌ನಲ್ಲಿ ನಿಲ್ಲುವವರ ಬಾಯಿಂದಲೇ. ಆದುದರಿಂದಲೇ ಇವನ್ನು ಕೇಳಿ ಸುಮ್ಮನಿರಲು ನಮಗೆ ಸಾಧ್ಯವಾಗಿಲ್ಲ.

ಮೊದಲು ಕೂಡುವ ಪ್ರಶ್ನೆ. ಕಿರುಸಾಲ ಕಂಪನಿಗಳು ನಮ್ಮ ಓಣಿಗಳಿಗೆ ಕಾಲಿಟ್ಟಾಗ ಹೆಂಗಸರನ್ನು ಗುಂಪು ಮಾಡಿಯೇ ಸಾಲ ಕೊಟ್ಟವು. ಒಬ್ಬಳ ಕಂತು ತಪ್ಪಿದರೆ ಉಳಿದವರೆಲ್ಲ ಹೊಣೆ ಎಂಬುದು ಅಲ್ಲಿನ ಕಟ್ಟಳೆ. ವಾರ ವಾರವೂ ನಮ್ಮ ತಾಯಂದಿರು, ಸಹೋದರಿಯರು ಯಾರದೋ ಮನೆಯ ಕಟ್ಟೆಯ ಮೇಲೆ ಕೂಡಿದರು. ವಸೂಲಿಗೆ ಬಂದ ಅಪರಿಚಿತ ಯುವಕನೆದುರು ಹೆಸರು ಹೇಳಿ ಹಣ ಎಣಿಸಿಕೊಟ್ಟರು, ಬಡ್ಡಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಆಗ ಪರ್ದಾದ ಮಾತೆತ್ತಿದವರು ಎಷ್ಟು ಮಂದಿ? ಎತ್ತಲಿಲ್ಲ, ಏಕೆಂದರೆ ಎಷ್ಟೋ ಮನೆಗಳಲ್ಲಿ ಆ ಸಾಲ ಹೋದದ್ದು ಗಂಡನ ಮೋಟಾರ್ ಸೈಕಲ್ಲಿಗೆ. ವಸೂಲಿಯ ಕಿರುಕುಳ ಎಷ್ಟು ಬೆಳೆಯಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಡ್ಡಿಗಾಗಿ ಕೂಡಿದ್ದನ್ನು ಕಂಡೂ ಕಾಣದಂತಿದ್ದವರು ಸದಕಾಕ್ಕಾಗಿ ಕೂಡುವುದನ್ನು ಮಾತ್ರ ಫಿತ್ನಾ ಎನ್ನುವುದಾದರೆ, ಅದನ್ನು ದೀನ್‌ನ ಮೇಲಿನ ಕಾಳಜಿಯೆಂದು ನಾವು ಒಪ್ಪಲಾರೆವು.

ಇನ್ನು ಅನುಮತಿಯ ಮಾತು. ಗಂಡನ ಹಣದಿಂದ ಕೊಡುವುದಾದರೆ ಅವನ ಒಪ್ಪಿಗೆ ಬೇಕು. ಸ್ಪಷ್ಟವಾಗಿ ಹೇಳಿದ ಒಪ್ಪಿಗೆಯಾದರೂ ಸರಿ, ರೂಢಿಯಿಂದ ತಿಳಿದು ಬರುವ ಒಪ್ಪಿಗೆಯಾದರೂ ಸರಿ. ಇದರಲ್ಲಿ ವಿವಾದವಿಲ್ಲ. ವಿವಾದವಿರುವುದು ಅವಳದೇ ಹಣದ ವಿಷಯದಲ್ಲಿ. ಮಹ್ರ್ ಅವಳದು, ತವರಿನಿಂದ ಬಂದ ವಾರಸು ಪಾಲು ಅವಳದು, ಹೊಲಿಗೆ ಯಂತ್ರದ ಮೇಲೆ ಕುಳಿತು ದುಡಿದದ್ದು ಅವಳದು. ಗಂಡು ಗಳಿಸಿದ್ದರಲ್ಲಿ ಗಂಡಿಗೆ, ಹೆಣ್ಣು ಗಳಿಸಿದ್ದರಲ್ಲಿ ಹೆಣ್ಣಿಗೆ ಪಾಲಿದೆಯೆಂದು ಸೂರಾ ಅನ್ನಿಸಾ ಸಾರಿದ ಮೇಲೆ ನಾವು ಸೇರಿಸುವುದೇನೂ ಇಲ್ಲ. ಅಬೂ ದಾವೂದ್‌ನಲ್ಲಿ ಬರುವ ಒಂದು ಹದೀಸನ್ನು, ಅಂದರೆ ಗಂಡನ ಒಪ್ಪಿಗೆಯಿಲ್ಲದೆ ಹೆಣ್ಣು ತನ್ನ ಸಂಪತ್ತನ್ನು ಕೊಡಬಾರದೆಂಬ ಅರ್ಥದ ಮಾತನ್ನು, ಕೆಲವರು ಮುಂದಿಡುತ್ತಾರೆ. ಇಮಾಮ್ ಮಾಲಿಕ್(ರ) ಅದರಿಂದ ಮೂರನೆಯ ಒಂದು ಪಾಲಿನ ಮಿತಿಯನ್ನು ತೆಗೆದರು. ಆದರೆ ಬಹುಪಾಲು ವಿದ್ವಾಂಸರು ಅದನ್ನು ದಾಂಪತ್ಯದ ಸೌಜನ್ಯವೆಂದು ಕಂಡರೇ ಹೊರತು ಕಾನೂನೆಂದು ಕಾಣಲಿಲ್ಲ.

ಹಾಗೆ ಕಾಣಲು ಅವರಿಗೆ ಗಟ್ಟಿಯಾದ ಆಧಾರವಿತ್ತು. ಈದ್‌ನ ಖುತ್ಬಾದ ಬಳಿಕ ಪ್ರವಾದಿವರ್ಯರು(ಸ) ಹ. ಬಿಲಾಲ್(ರ)ರೊಡನೆ ಮಹಿಳೆಯರಿದ್ದ ಕಡೆಗೆ ಹೋಗಿ ಸದಕಾ ಕೊಡುವಂತೆ ಹೇಳಿದಾಗ, ಅವರು ಅಲ್ಲೇ ಕಿವಿಯೋಲೆಗಳನ್ನೂ ಉಂಗುರಗಳನ್ನೂ ಕಳಚಿ ಬಿಲಾಲ್(ರ)ರ ಬಟ್ಟೆಗೆ ಹಾಕಿದರು. ಮನೆಗೆ ಹೋಗಿ ಕೇಳಿಕೊಂಡು ಬನ್ನಿರೆಂದು ಯಾರೂ ಅವರನ್ನು ಕಳುಹಿಸಲಿಲ್ಲ. ಗಮನಿಸಿ, ಅದೊಂದು ಸಾಮೂಹಿಕ ದಾನ. ಹಲವು ಕೈಗಳು, ಒಂದೇ ಬಟ್ಟೆ. ಉಮ್ಮುಲ್ ಮುಅ್‌ಮಿನೀನ್ ಮೈಮೂನಾ(ರ) ತಮ್ಮ ದಾಸಿಯನ್ನು ಬಿಡುಗಡೆ ಮಾಡಿದ್ದನ್ನು ಪ್ರವಾದಿವರ್ಯರಿಗೆ(ಸ) ತಿಳಿಸಿದ್ದು ಆ ಮೇಲೆ. ಕೇಳದೆ ಮಾಡಿದೆಯೇಕೆ ಎಂಬ ಆಕ್ಷೇಪ ಬರಲಿಲ್ಲ. ಅವಳನ್ನು ನಿನ್ನ ಸೋದರಮಾವಂದಿರಿಗೆ ಕೊಟ್ಟಿದ್ದರೆ ಪುಣ್ಯ ಇನ್ನೂ ಹೆಚ್ಚಾಗುತ್ತಿತ್ತೆಂಬ ಸಲಹೆ ಬಂತು. ಕೊಡುವ ಹಕ್ಕನ್ನು ಅವರು ಪ್ರಶ್ನಿಸಲಿಲ್ಲ, ಎಲ್ಲಿಗೆ ಕೊಟ್ಟರೆ ಒಳಿತೆಂದು ಕಲಿಸಿದರು. ನಮ್ಮ ಹಿರಿಯರು ಅನುಸರಿಸಬೇಕಾದ ಸುನ್ನತ್ ಇಲ್ಲಿದೆ.

ಹೆಂಗಸರ ಬಳಿ ಹಣವೆಲ್ಲಿದೆ ಎಂದು ನಗುವವರೂ ಇದ್ದಾರೆ. ನಮ್ಮ ನಗರದ ಹಳೆಯ ನೀರಿನ ತಾಣಗಳಲ್ಲಿ ಕೆಲವಕ್ಕೆ ಹೆಂಗಸರ ಹೆಸರೇ ಇದೆ. 1579ರ ಚಾಂದ್ ಬಾವಡಿ ಚಾಂದ್ ಬೀಬಿಯ ಹೆಸರಿನದು, 1651ರ ಬೇಗಂ ತಾಲಾಬ್ ಜಹಾನ್ ಬೇಗಂಳ ನೆನಪಿನದು. ಆದರೆ ಅವನ್ನು ಕಟ್ಟಿಸಿದವರು ಸುಲ್ತಾನರು. ಹೆಸರು ರಾಣಿಯದು, ಥೈಲಿ ರಾಜನದು. ಈ ಏರ್ಪಾಡಿಗೆ ನಾವು ಎಷ್ಟು ಒಗ್ಗಿಹೋಗಿದ್ದೇವೆಂದರೆ ಇಂದಿಗೂ ಮಸೀದಿಯ ಚಂದಾ ಪಟ್ಟಿಯಲ್ಲಿ ‘ಇಂಥವರ ಪತ್ನಿ’ ಎಂದೇ ಬರೆಯುತ್ತೇವೆ. ಅವಳು ಬಳೆ ಮಾರಿ ಕೊಟ್ಟಿದ್ದರೂ ಸರಿ.

ಈಗಿನ ಲೆಕ್ಕವನ್ನೇ ನೋಡಿ. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿ ಯೋಜನೆಯಡಿ ಕುಟುಂಬದ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿಯಂತೆ ಸೇರುತ್ತಿದೆ. ಅದರಲ್ಲಿ ನೂರು ರೂಪಾಯಿಯಂತೆ ನೂರು ಮಂದಿ ಕೂಡಿಸಿದರೆ ತಿಂಗಳಿಗೆ 10,000, ವರ್ಷಕ್ಕೆ 1,20,000. ಒಬ್ಬೊಬ್ಬರೇ ಬಾಗಿಲಿಗೆ ಬಂದವರಿಗೆ ಹತ್ತು, ಇಪ್ಪತ್ತು ಕೊಟ್ಟರೆ ಅದೇ ಹಣ ಯಾರ ಕಷ್ಟವನ್ನೂ ತೀರಿಸದೆ ಕರಗಿಹೋಗುತ್ತದೆ.

ಇದು ಹೊಸ ಕಲ್ಪನೆಯೂ ಅಲ್ಲ. 1884ರಲ್ಲಿ ಲಾಹೋರಿನಲ್ಲಿ ಹುಟ್ಟಿದ ಅಂಜುಮನ್ ಹಿಮಾಯತೆ ಇಸ್ಲಾಮ್ ತನ್ನ ಶಾಲೆಗಳಿಗೆ ಮೊದಲ ಆಸರೆಯನ್ನು ಪಡೆದದ್ದು ಗೃಹಿಣಿಯರ ಹಿಟ್ಟಿನ ಡಬ್ಬಿಯಿಂದ. ರೊಟ್ಟಿಗೆ ಹಿಟ್ಟು ತೆಗೆಯುವಾಗ ಒಂದು ಹಿಡಿಯನ್ನು ಬೇರೆ ಇಡುವುದು, ಅಂಜುಮನ್‌ನವರು ಮನೆ ಮನೆಗೆ ಹೋಗಿ ಅದನ್ನು ಸಂಗ್ರಹಿಸಿ ಮಾರಿ ಹಣ ಮಾಡುವುದು. ಅಮೆರಿಕದ ಸಿನ್ಸಿನಾಟಿ ನಗರದಲ್ಲಿ 2001ರಲ್ಲಿ ಆರಂಭವಾದ ಒಂದು ಕೂಟದಲ್ಲಿ ನೂರು ಮಹಿಳೆಯರು ತಲಾ ಸಾವಿರ ಡಾಲರ್ ಸೇರಿಸಿ, ಕೂಡಿದ ಲಕ್ಷ ಡಾಲರನ್ನು ತಮ್ಮದೇ ಊರಿನ ಒಂದು ಸೇವಾಸಂಸ್ಥೆಗೆ ಒಟ್ಟಾಗಿ ಕೊಡುವ ಪದ್ಧತಿ ಬಂತು. ಈಗ ಅದು ಹಲವು ನಗರಗಳಿಗೆ ಹಬ್ಬಿದೆ. ಅವರದು ಡಾಲರ್, ನಮ್ಮ ಹಿರಿಯರದು ಹಿಡಿ ಹಿಟ್ಟು. ಬುದ್ಧಿ ಒಂದೇ. ನಮ್ಮದನ್ನು ನಾವು ಮರೆತು, ಅವರದನ್ನು ಕಂಡು ಬೆರಗಾಗುತ್ತಿದ್ದೇವೆ.

ತಮ್ಮದೇ ಊರಿನ ಸಂಸ್ಥೆಗೆ ಎಂದೆವು. ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ರಮಝಾನ್ ಬಂದರೆ ದೂರದ ರಾಜ್ಯಗಳ ಮದ್ರಸಗಳ ರಸೀದಿ ಪುಸ್ತಕ ಹಿಡಿದವರು ನಮ್ಮ ಬಾಗಿಲಿಗೆ ಬರುತ್ತಾರೆ. ಅವರಲ್ಲಿ ಪ್ರಾಮಾಣಿಕರು ಬಹಳ ಮಂದಿ, ನಾವು ಅವರನ್ನು ಹೀಗಳೆಯುವುದಿಲ್ಲ. ಆದರೆ ಹ. ಮುಆಝ್(ರ)ರನ್ನು ಯಮನ್‌ಗೆ ಕಳುಹಿಸುವಾಗ ಪ್ರವಾದಿವರ್ಯರು(ಸ) ಹೇಳಿದ್ದು, ಝಕಾತನ್ನು ಅಲ್ಲಿನ ಧನಿಕರಿಂದ ಪಡೆದು ಅಲ್ಲಿನ ಬಡವರಿಗೆ ಮರಳಿಸಬೇಕೆಂದು. ಹತ್ತಿರದ ಸಂಬಂಧಿಕರೋ ಹೆಚ್ಚು ಕಷ್ಟದಲ್ಲಿರುವವರೋ ಹೊರಗಿದ್ದಾರೆಂಬ ಕಾರಣವಿಲ್ಲದೆ ಝಕಾತನ್ನು ಊರಾಚೆ ಒಯ್ಯುವುದನ್ನು ಹನಫೀ ಫಿಕ್ಹ್ ಮಕ್ರೂಹ್ ಎನ್ನುತ್ತದೆ.

ನಮ್ಮ ಊರಿನ ಬಡವರು ಯಾರು? ತಿಕೋಟಾ ಸೀಮೆಯ ದ್ರಾಕ್ಷಿ ತೋಟಗಳಲ್ಲಿ, ಒಣದ್ರಾಕ್ಷಿಯ ಶೆಡ್‌ಗಳಲ್ಲಿ ದಿನಗೂಲಿಗೆ ಕಾಳು ಆರಿಸುವ ವಿಧವೆಯನ್ನು ಚಂದಾ ಎತ್ತುವ ಗಂಡಸರು ಎಂದೂ ಕಾಣುವುದಿಲ್ಲ. ಅವಳು ಇದ್ದತ್‌ನಲ್ಲಿ ಕುಳಿತಾಗ ಅನ್ನ ತಂದುಕೊಟ್ಟ ನೆರೆಯವಳಿಗೆ ಮಾತ್ರ ಅವಳ ಮನೆಯ ಹಿಟ್ಟಿನ ಡಬ್ಬಿ ಎಷ್ಟು ತುಂಬಿದೆಯೆಂದು ಗೊತ್ತು. ತೊರವಿಯಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯಕ್ಕೆ ಹೋಗಿಬರಲು ಬಸ್ಸಿನ ಖರ್ಚಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಅದನ್ನು ನೋಡಿಕೊಂಡಿದೆ. ಆದರೂ ಬಬಲೇಶ್ವರದ ಹುಡುಗಿ ಓದು ಬಿಡುತ್ತಾಳೆ. ಪರೀಕ್ಷಾ ಶುಲ್ಕವೋ, ಹಾಸಿಗೆ ಹಿಡಿದ ತಾಯಿಯೋ, ಅವಸರದ ನಿಕಾಹೋ, ಕಾರಣ ಯಾವುದೆಂದು ತಿಳಿಯಲು ಅಡಿಗೆಮನೆಯವರೆಗೆ ಹೋಗಬಲ್ಲವರು ಬೇಕು. ಯಾರಿಗೆ ಕೊಡಬೇಕೆಂಬ ತಿಳಿವಳಿಕೆ ಹೆಂಗಸರಿಗಿಲ್ಲವೆಂದು ಹೇಳುವವರು ಈ ಒಂದು ಮಾತಿಗೆ ಉತ್ತರ ಹೇಳಲಿ: ಆ ಅಡಿಗೆಮನೆಗೆ ಹೋಗಬಲ್ಲವರು ಯಾರು? ಇನ್ನು, ಶೆಡ್‌ನಲ್ಲಿ ಪಕ್ಕದಲ್ಲಿ ಕುಳಿತು ದುಡಿಯುವ ಸಹೋದರಿ ನಮ್ಮ ಧರ್ಮದವಳಲ್ಲದಿದ್ದರೂ ನಫಿಲ್ ಸದಕಾ ಅವಳಿಗೂ ಸಲ್ಲುತ್ತದೆ. ಮುಶ್ರಿಕಳಾಗಿದ್ದ ತಾಯಿಯೊಡನೆ ಸಂಬಂಧ ಉಳಿಸಿಕೊಳ್ಳುವಂತೆ ಹ. ಅಸ್ಮಾ(ರ)ರಿಗೆ ಹೇಳಿದ ಪ್ರವಾದಿಯ(ಸ) ಉಮ್ಮತ್ ನಾವು.

ಸಹೋದರಿಯರಿಗೂ ಎರಡು ಮಾತು ಹೇಳಲೇಬೇಕು, ಸಡಿಲಾಗಿ ಬಿಟ್ಟರೆ ಒಳ್ಳೆಯ ಕೆಲಸವೂ ಹಾಳಾಗುತ್ತದೆ. ಝಕಾತ್ ಮತ್ತು ಸದಕಾ ಒಂದೇ ಡಬ್ಬಿಗೆ ಬೀಳಬಾರದು. ಏಳೂವರೆ ತೊಲ ಚಿನ್ನ ಅಥವಾ ಐವತ್ತೆರಡೂವರೆ ತೊಲ ಬೆಳ್ಳಿಯ ನಿಸಾಬ್ ತಲುಪಿದವಳ ಶೇ. 2.5 ಝಕಾತ್ ಅರ್ಹ ಬಡವರ ಕೈಗೆ, ಅವರ ಒಡೆತನಕ್ಕೆ ಸೇರಬೇಕು. ಸಂಸ್ಥೆಯ ಗೋಡೆಗೋ ಗುಮಾಸ್ತನ ಸಂಬಳಕ್ಕೋ ಅದು ಸಲ್ಲದು, ಅಂಥದ್ದಕ್ಕೆ ಸದಕಾದ ಹಣವಿದೆ. ಹರಾಜಿನ ಭಿಶಿಯಿಂದ, ಅಂದರೆ ಬೇಗ ಬೇಕಾದವಳು ಕಡಿಮೆ ಮೊತ್ತ ಪಡೆದು ಉಳಿದದ್ದನ್ನು ಇತರರು ಹಂಚಿಕೊಳ್ಳುವ ಬಗೆಯಿಂದ, ದೂರವಿರಿ. ಅದರಲ್ಲಿ ಬಡ್ಡಿಯ ವಾಸನೆಯಿದೆ. ಕೊಡುವ ಮೊದಲು ಮೂವರು ಆ ಸಂಸ್ಥೆಗೆ ಹೋಗಿ ನೋಡಿ ಬನ್ನಿ, ಹೋದ ವರ್ಷದ ಲೆಕ್ಕಪತ್ರ ಕೇಳಿ. ತೋರಿಸಲು ಹಿಂಜರಿದರೆ ಅವರು ಎಷ್ಟೇ ದೊಡ್ಡವರಾಗಿರಲಿ, ಮುಂದಿನ ಬಾಗಿಲಿಗೆ ನಡೆಯಿರಿ. ಮತ್ತು ದಯವಿಟ್ಟು, ಅನಾಥ ಮಗುವಿನ ಕೈಗೆ ಲಕೋಟೆ ಇಟ್ಟು ಫೋಟೋ ತೆಗೆದು ವಾಟ್ಸಪ್‌ನಲ್ಲಿ ಹಂಚಬೇಡಿ. ಗಂಡಸರಿಂದ ಕಲಿಯಬಾರದ ಗುಣಗಳಲ್ಲಿ ಅದೂ ಒಂದು.

ಕೊನೆಗೆ ಉಳಿದದ್ದು ಜಮಾಅತ್‌ನ ಪ್ರಶ್ನೆ. ಇನ್ನೊಂದು ಕೂಟವೇಕೆ ಎಂದು ಕೇಳುವ ಸಮಿತಿಗಳಲ್ಲಿ ಎಷ್ಟು ಮಂದಿ ಮಹಿಳೆಯರಿದ್ದಾರೆ? ಅವರು ಕೊಟ್ಟ ಹಣದ ಲೆಕ್ಕವನ್ನು ಅವರೆದುರು ಓದಿದ್ದು ಯಾವ ವರ್ಷ? ಜುಮಾದ ದಿನ ಹೊರಬಾಗಿಲಿನಲ್ಲಿ ಅಂಟಿಸುವ ಲೆಕ್ಕದ ಹಾಳೆಯನ್ನು ಮಸೀದಿಗೆ ಬಾರದವರು ಓದುವುದಾದರೂ ಹೇಗೆ? ಸಮಿತಿಯ ಹಿರಿಯರಲ್ಲಿ ನಮ್ಮ ಕೋರಿಕೆ ಇಷ್ಟೇ. ತಿಂಗಳಿಗೊಂದು ಮಧ್ಯಾಹ್ನ, ಝುಹ್ರ್ ಮತ್ತು ಅಸ್ರ್ ನಡುವೆ, ಮದ್ರಸದ ಒಂದು ಕೋಣೆಯನ್ನು ಅವರಿಗೆ ಬಿಟ್ಟುಕೊಡಿ. ಝಕಾತ್‌ನ ಮಸ್‌ಅಲಾ ಕೇಳಿದರೆ ಆಲಿಮ್‌ರಿಂದ ಉತ್ತರ ಬರೆಸಿ ಕೊಡಿ. ಹಣದ ಪೆಟ್ಟಿಗೆಯನ್ನು ಕಚೇರಿಯಲ್ಲಿಡಿ, ನಾವು ನೋಡಿಕೊಳ್ಳುತ್ತೇವೆ ಎನ್ನಬೇಡಿ. ಇಷ್ಟು ವರ್ಷ ಭಿಶಿಯ ಗಂಟನ್ನು ಕಾದವರಿಗೆ ಅದನ್ನು ಕಾಯುವುದೂ ಗೊತ್ತು.