ಕಣವಿಜ್ಞಾನದ ಮೊದಲ ಪಾಠ ಮತ್ತು ಕನ್ನಡದ ಕ್ರಿಯಾಪದ

ಕನ್ನಡದಲ್ಲಿ ವಿಜ್ಞಾನವನ್ನು ಹೇಳುವ ಪ್ರಶ್ನೆ ಎದುರಾದಾಗಲೆಲ್ಲ ಚರ್ಚೆಯು ಪಾರಿಭಾಷಿಕ ಪದಗಳ ಸುತ್ತಲೇ ನಡೆಯುವುದು ರೂಢಿ. ಸಂಸ್ಕೃತದಿಂದ ಪದ ಟಂಕಿಸಬೇಕೆ, ಇಂಗ್ಲಿಶ್ ಪದವನ್ನೇ ಉಳಿಸಿಕೊಳ್ಳಬೇಕೆ ಎಂಬ ವಾದ ಇಂದಿಗೂ ಮುಗಿದಿಲ್ಲ. ಆದರೆ ಕಣಭೌತವಿಜ್ಞಾನದ ಪ್ರಾಥಮಿಕ ಪಾಠಗಳನ್ನು ಪರಿಶೀಲಿಸಿದರೆ, ನಿಜವಾದ ತೊಡಕು ನಾಮಪದದಲ್ಲಿಲ್ಲ, ಕ್ರಿಯಾಪದದಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ಹೆಸರುಗಳ ಮಟ್ಟಿಗೆ ಕನ್ನಡಕ್ಕೆ ವಿಶೇಷ ಬಡತನವೇನೂ ಇಲ್ಲ. 1964ರಲ್ಲಿ ಮರ್ರೆ ಗೆಲ್‌ಮನ್ ‘ಕ್ವಾರ್ಕ್’ ಎಂಬ ಹೆಸರಿನ ಅಕ್ಷರರೂಪವನ್ನು ಜೇಮ್ಸ್ ಜಾಯ್ಸ್‌ನ ಕಾದಂಬರಿಯೊಂದರಿಂದ ಪಡೆದನು. ಇಂಗ್ಲಿಶ್ ಓದುಗನಿಗೂ ಅದು ಭೌತವಸ್ತುವೊಂದನ್ನು ಸೂಚಿಸುವ ಪದವಾಗಿರಲಿಲ್ಲ. ‘ಬೋಸಾನ್’ ಸತ್ಯೇಂದ್ರನಾಥ ಬೋಸರ ಹೆಸರಿನಿಂದ ಬಂದುದು. ಇಂಥ ಪದಗಳನ್ನು ಇದ್ದಂತೆಯೇ ಸ್ವೀಕರಿಸುವುದರಿಂದ ಅರ್ಥಹಾನಿಯಾಗದು.

ತೊಡಕು ಆರಂಭವಾಗುವುದು ವಾಕ್ಯ ರಚನೆಯಲ್ಲಿ. ‘ಪ್ರೋಟಾನು ಮೂರು ಕ್ವಾರ್ಕುಗಳಿಂದ ಮಾಡಲ್ಪಟ್ಟಿದೆ’ ಎಂದೊಡನೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಚೀಲವೊಂದರೊಳಗಿನ ಮೂರು ಗೋಲಿಗಳ ಚಿತ್ರ ಮೂಡುತ್ತದೆ. ವಾಸ್ತವವಾಗಿ ಆ ಮೂರರ ದ್ರವ್ಯರಾಶಿಯನ್ನು ಕೂಡಿಸಿದರೆ ಪ್ರೋಟಾನಿನ ಶೇಕಡಾ ಒಂದರಷ್ಟು ಮಾತ್ರ ದೊರೆಯುತ್ತದೆ. ಮಿಕ್ಕುದು ಬಹುಮಟ್ಟಿಗೆ ಅವುಗಳ ಚಲನೆಯ ಮತ್ತು ಅವನ್ನು ಬಿಗಿದಿರುವ ಬಲದ ಶಕ್ತಿ. ‘ಒಡೆದರೆ ಕ್ವಾರ್ಕು ಸಿಗುತ್ತದೆ’ ಎಂಬ ಮಾತೂ ಸಲ್ಲದು. ಒಂದನ್ನು ಹೊರಗೆಳೆಯಲು ವ್ಯಯಿಸಿದ ಶಕ್ತಿಯೇ ಹೊಸ ಕ್ವಾರ್ಕು-ಪ್ರತಿಕ್ವಾರ್ಕುಗಳ ಜೋಡಿಯಾಗುವುದರಿಂದ ಒಂಟಿ ಕ್ವಾರ್ಕು ಕಾಣಸಿಗುವುದಿಲ್ಲ.

‘ಕ್ಷಯ’ ಎಂಬ ಪದದ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಮ್ಯೂಆನ್ ಸರಾಸರಿ ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗದಷ್ಟು ಕಾಲವಿದ್ದು ಬಳಿಕ ‘ಕ್ಷಯಿಸುತ್ತದೆ’ ಎನ್ನುವಾಗ, ಅದು ಸವೆದು ಒಳಗಿದ್ದ ಎಲೆಕ್ಟ್ರಾನು ಹೊರಬಿದ್ದಿತೆಂಬ ಭಾವನೆ ಬರುತ್ತದೆ. ಮ್ಯೂಆನಿನೊಳಗೆ ಎಲೆಕ್ಟ್ರಾನು ಅಡಗಿರುವುದಿಲ್ಲ. ಮ್ಯೂಆನು ಇಲ್ಲವಾಗಿ ಒಂದು ಎಲೆಕ್ಟ್ರಾನು, ಎರಡು ನ್ಯೂಟ್ರಿನೊ ಆಗುತ್ತವೆ. ವಿದ್ಯುದಂಶ ಮತ್ತು ಶಕ್ತಿಯ ಒಟ್ಟು ಲೆಕ್ಕ ಮಾತ್ರ ಬದಲಾಗುವುದಿಲ್ಲ. ಇದನ್ನು ಹೇಳಲು ಕನ್ನಡದ ‘ಆಗು’ ಧಾತುವಿಗಿಂತ ತಕ್ಕುದು ಬೇರೊಂದಿರಲಾರದು. ಅದು ಒಳಗೇನಿತ್ತೆಂಬುದನ್ನು ಹೇಳದೆ, ಒಂದು ಮತ್ತೊಂದಾದುದನ್ನಷ್ಟೇ ಹೇಳುತ್ತದೆ. ಪರಿಭಾಷಾಕೋಶಗಳು ‘ಕ್ಷಯ’ವನ್ನು ಕೊಡುತ್ತವೆ, ‘ಆಗು’ ಎಂಬುದನ್ನು ಯಾವ ಕೋಶವೂ ಪಾರಿಭಾಷಿಕವೆಂದು ಎಣಿಸದು.

ಈ ಶಾಸ್ತ್ರದ ನಿಜವಾದ ಭಾಷೆ ಗಣಿತವೇ ಆಗಿರುವಾಗ ಕನ್ನಡದ ವಾಕ್ಯಕ್ಕೆ ಇಷ್ಟು ಮಹತ್ವವೇಕೆ ಎಂಬ ಆಕ್ಷೇಪಣೆ ಸಹಜ. ಅದರಲ್ಲಿ ಸತ್ಯಾಂಶವಿದೆ. ಆದರೆ ಗಣಿತವನ್ನು ತಲುಪುವ ಮುನ್ನ ವಿದ್ಯಾರ್ಥಿಯು ವಾಕ್ಯಗಳ ಮೂಲಕವೇ ಹಾದುಹೋಗಬೇಕು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತವನು ಪದವಿಪೂರ್ವ ವಿಜ್ಞಾನವನ್ನು ಇಂಗ್ಲಿಶಿನಲ್ಲಿ ಓದುವಾಗ ಜೊತೆಗೊಯ್ಯುವುದು ಆ ವಾಕ್ಯಗಳು ಮೂಡಿಸಿದ ಚಿತ್ರವನ್ನೇ. ಚಿತ್ರ ತಪ್ಪಾಗಿದ್ದರೆ ಅವನು ಕಲಿಯುವುದಕ್ಕಿಂತ ಮೊದಲು ಮರೆಯಬೇಕಾಗುತ್ತದೆ.

ಈ ವಿಷಯ ಕನ್ನಡನಾಡಿಗೆ ದೂರದ್ದೂ ಅಲ್ಲ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಕುರುಹು 1965ರಲ್ಲಿ ಜಗತ್ತಿನಲ್ಲಿ ಮೊದಲು ದೊರೆತ ಎರಡು ಸ್ಥಳಗಳಲ್ಲಿ ಕೋಲಾರದ ಚಿನ್ನದ ಗಣಿ ಒಂದು. ಮತ್ತೊಂದು ದಕ್ಷಿಣ ಆಫ್ರಿಕದ ಗಣಿ. ನೆಲದಿಂದ ಎರಡು ಕಿಲೋಮೀಟರಿಗೂ ಆಳದಲ್ಲಿ, ಬೇರೆ ಕಣಗಳನ್ನು ಬಂಡೆಯೇ ತಡೆಯುವ ಕತ್ತಲಲ್ಲಿ ಆ ಉಪಕರಣಗಳಿದ್ದವು. ಗಣಿಯು 2001ರಲ್ಲಿ ಮುಚ್ಚಿತು. ಕಣವಿಜ್ಞಾನದ ಕನ್ನಡ ಪಾಠವು ಜಿನೀವಾದಿಂದಲೇ ಆರಂಭವಾಗಬೇಕಿಲ್ಲ, ಕೋಲಾರದಿಂದಲೂ ಆರಂಭವಾಗಬಹುದು.

ಈ ಹಿನ್ನೆಲೆಯಲ್ಲಿ ಕನ್ನಡ ವಿಭಾಗಗಳ ಹೊಣೆ ಪದಪಟ್ಟಿಗಳಿಗೆ ಸೀಮಿತವಾಗಲಾಗದು. ಬೆಳ್ಳಾವೆ ವೆಂಕಟನಾರಣಪ್ಪನವರು ದುಡಿದ 1918ರ ‘ವಿಜ್ಞಾನ’ ಪತ್ರಿಕೆಯಿಂದ ಶಿವರಾಮ ಕಾರಂತರವರೆಗೆ, ಅಲ್ಲಿಂದ ಇಂದಿನ ಪಠ್ಯಗಳವರೆಗೆ, ವಿಜ್ಞಾನಗದ್ಯದ ವಾಕ್ಯಗಳು ಗಂಭೀರ ಸಂಶೋಧನೆಗೆ ಅರ್ಹವಾದ ಸಾಮಗ್ರಿ. ಯಾವ ಕ್ರಿಯಾಪದ ಯಾವ ಚಿತ್ರವನ್ನು ಮೂಡಿಸುತ್ತದೆ ಎಂಬುದನ್ನು ಪರೀಕ್ಷಿಸುವ ಶಿಕ್ಷಣ ಭೌತವಿಜ್ಞಾನಿಗಿಂತ ಭಾಷಾ ಅಧ್ಯಾಪಕನಿಗೇ ದೊರೆತಿದೆ. ಭೌತವಿಜ್ಞಾನದ ಸಹೋದ್ಯೋಗಿಯೊಡನೆ ಕುಳಿತು ಒಂದೊಂದು ವಾಕ್ಯವನ್ನೂ ತಿದ್ದುವ ಆ ಕೆಲಸವನ್ನು ಅವನು ತನ್ನದಲ್ಲವೆಂದು ಬಿಡುವಂತಿಲ್ಲ.